ಕಚೇರಿ ಊರಿಗೆ ಬಂತು, ಕೂಲಿ ಬರಲಿಲ್ಲ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದ ಬಳಿಕ ಎರಡು ಬಗೆಯ ದುಡಿಮೆಗಾರರು ಬೆಂಗಳೂರನ್ನು ತೊರೆದರು. ಲ್ಯಾಪ್‌ಟಾಪ್ ಹಿಡಿದವರು ಮಲೆನಾಡಿನ ತಮ್ಮ ಮನೆಗಳಿಗೆ ಬಂದು, ಸಿಗ್ನಲ್ ಸಿಗುವ ಗುಡ್ಡದ ನೆತ್ತಿಯಲ್ಲಿ ಟಾರ್ಪಾಲು ಕಟ್ಟಿ ಕಚೇರಿ ನಡೆಸಿದರು. ಗಾರೆ ಕೆಲಸದವರು ಗಂಟುಮೂಟೆಯೊಡನೆ ನನ್ನ ಹುಟ್ಟೂರು ಕೊಟ್ಟೂರಿನ ಸುತ್ತಲ ಹಳ್ಳಿಗಳಿಗೂ ಕೂಡ್ಲಿಗಿ, ಹರಪನಹಳ್ಳಿಯ ತಾಂಡಾಗಳಿಗೂ ಮರಳಿದರು. ಮೊದಲನೆಯವರ ಸಂಬಳ ಅವರ ಬೆನ್ನಿಗೇ ಬಂತು. ಎರಡನೆಯವರ ಕೂಲಿ ಅಲ್ಲಿಯೇ ನಿಂತಿತು.

ಮನೆಯಿಂದಲೇ ದುಡಿಯುವ ಪದ್ಧತಿಯಿಂದ ನಗರ ಹಗುರಾಗಿ ಹಳ್ಳಿ ತುಂಬುವುದೆಂದು ನಮ್ಮ ವಿದ್ಯಾರ್ಥಿಗಳು ನಂಬಿದ್ದಾರೆ. ನಾನೂ ನಂಬಿದ್ದೆ. (ಮಳೆಗಾಲದಲ್ಲಿ ನನ್ನ ಸಭೆಗಳೂ ಜಗಲಿಯಿಂದಲೇ ನಡೆಯುತ್ತವೆ, ಕಾಳುಮೆಣಸಿನ ಬಳ್ಳಿಯ ಬುಡ ಕೊಳೆತದ್ದನ್ನು ಮಾತ್ರ ತೋಟಕ್ಕೆ ಹೋಗಿಯೇ ನೋಡಬೇಕು.) ಆದರೆ ಆದದ್ದೇನು? 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ಕಂಪನಿಗಳು ನೌಕರರನ್ನು ಮನೆಯಲ್ಲಿರಲು ಹೇಳಿದವು. 2023ರ ಅಕ್ಟೋಬರ್‌ನಿಂದ ಟಿಸಿಎಸ್ ವಾರದ ಐದೂ ದಿನ ಕಚೇರಿಗೆ ಬರಹೇಳಿತು. ಎಲ್ಲಿ ಕುಳಿತು ದುಡಿಯಬೇಕೆಂಬ ತೀರ್ಮಾನ ನೌಕರರದೂ ಆಗಲಿಲ್ಲ, ಊರಿನದೂ ಆಗಲಿಲ್ಲ.

ಇತ್ತ ಗುಡ್ಡದ ಕಥೆ ಬೇರೆಯೇ ಆಯಿತು. ಅದೇ 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಹಾದಿ ತೆರೆಯಿತು. ಗುಡ್ಡದ ಮೇಲೆ ಕುಳಿತೇ ಸಂಬಳ ಎಣಿಸಬಹುದೆಂದಾದ ಮೇಲೆ ಗುಡ್ಡ ನಿವೇಶನವಾಗಲು ತಡವೇನು? ಜೆಸಿಬಿ ಇಳಿಜಾರನ್ನು ಕಡಿದು ಮಟ್ಟ ಮಾಡಿದಾಗ ಮೇಲಿನ ಮಣ್ಣಿಗೆ ಬುಡದ ಆಸರೆ ತಪ್ಪುತ್ತದೆ. ನೀರು ಹರಿಯುವ ಹಾದಿ ಮುಚ್ಚುತ್ತದೆ. ಸತತ ಮಳೆಯಲ್ಲಿ ನೀರುಂಡು ಭಾರವಾದ ಮಣ್ಣು ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದದ್ದನ್ನು ನಾವು ಮರೆತಿಲ್ಲ. ಇಳಿಜಾರು ಕಡಿಯಲು ಅನುಮತಿ ಕೊಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕೆಂಬ ನಮ್ಮ ಒತ್ತಾಯ ಇದಕ್ಕಾಗಿಯೇ.

ಕಾಫಿ ಕೊಯ್ಲಿಗೆ ಕೊಟ್ಟೂರು ಸೀಮೆಯವರು ಇಂದಿಗೂ ಇಲ್ಲಿಗೆ ಗುಳೆ ಬರುತ್ತಾರೆ. ಅವರಲ್ಲೊಬ್ಬ ತಾಯಿ, ಮನೆಯಲ್ಲಿ ಕುಳಿತು ಮಾಡುವ ಆ ಕೆಲಸ ತಮ್ಮ ಮಗಳಿಗೂ ಸಿಕ್ಕೀತೇ ಎಂದು ನನ್ನನ್ನು ಕೇಳಿದರು. ಸಿಗಬೇಕು. ಲೆಕ್ಕಪತ್ರ, ದತ್ತಾಂಶ ತುಂಬುವುದು, ಅನುವಾದ ಇವುಗಳಿಗೆ ಬೆಂಗಳೂರೇ ಏಕೆ? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ನಂಬಬಹುದಾದ ವಿದ್ಯುತ್ತು, ಇಂಟರ್ನೆಟ್, ನಾಲ್ಕು ಮೇಜು ಕೊಟ್ಟು, ಸರ್ಕಾರ ತನ್ನ ಇಲಾಖೆಗಳ ಇಂಥ ಕೆಲಸವನ್ನೇ ಮೊದಲು ಅಲ್ಲಿಗೆ ಕಳುಹಿಸಲಿ. ಆ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಈ ಸಲವೂ ತಾಯಿಯ ಜೊತೆ ಕೊಯ್ಲಿಗೆ ಬಂದಿದ್ದಾಳೆ.