ವೀಣೆ ಊರು ದಾಟುವಾಗ

ಅತ್ತೆಯ ಕಾಲದ ವೀಣೆಯನ್ನು ದೂರದೂರಿನ ಮಗಳ ಮನೆಗೆ ಕಳಿಸಬೇಕೇ? ಅವಸರ ಬೇಡ, ಸೋದರಿಯರೇ! ನಮ್ಮ ಮನೆಯ ವೀಣೆ ಒಮ್ಮೆ ಕಡುಬೇಸಿಗೆಯಲ್ಲಿ ದೆಹಲಿಗೆ ಹೋಯಿತು. ಒಂದು ಗೀರೂ ಬಿದ್ದಿರಲಿಲ್ಲ. ಆದರೆ ನುಡಿಸಿದರೆ ಸ್ವರವೇ ಸೇರಲೊಲ್ಲದು. ‘ಅಜ್ಜಿಯ ವೀಣೆ ಹಾಳಾಯ್ತಮ್ಮಾ’ ಎಂದು ಮಗಳು ಫೋನಿನಲ್ಲಿ ಅತ್ತೇಬಿಟ್ಟಳು. ಕಾರಣ ಇಷ್ಟೇ: ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಕಾವು ತಾಗಿದರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತವೆ. ಮತ್ತೆ ಕೂರಿಸಲು ನುರಿತ ಕೈಯೇ ಬೇಕು.

ಆದ್ದರಿಂದ ಬಿರುಬೇಸಿಗೆಯಲ್ಲಿ ಕಳಿಸಲೇಬೇಡಿ. ಏಳೂ ತಂತಿಗಳನ್ನು ಸ್ವಲ್ಪ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಕುದುರೆ ಕದಲೀತು. ಸೋರೆಬುರುಡೆಯನ್ನು ತಿರುಗಿಸಿ ಬಿಚ್ಚಿ, ಬೇರೆಯಾಗಿ ಸುತ್ತಿಡಿ. ಮರದ ಪೆಟ್ಟಿಗೆಯಲ್ಲಿ ಹಳೆಯ ನೂಲಿನ ಸೀರೆಗಳನ್ನು ಮಡಿಸಿ ಹಾಸಿ, ದಂಡಿಯ ಕೆಳಗೂ ಒತ್ತು ಕೊಡಿ. ಪೆಟ್ಟಿಗೆ ಅಲುಗಾಡಿಸಿದರೆ ಒಳಗೆ ಸದ್ದಾಗಕೂಡದು.

ಇನ್ನೊಂದು ಮಾತು. ಹಳೆಯ ವೀಣೆಯಲ್ಲಿ ಆನೆದಂತದ ಕೆಲಸವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಹೊರದೇಶಕ್ಕೆ ಕಳಿಸಬೇಡಿ, ಕಾನೂನು ಕಟ್ಟುನಿಟ್ಟು.

ತಲುಪಿದ ಕೂಡಲೇ ಶ್ರುತಿ ಮಾಡಬೇಡವೆಂದು ಮಗಳಿಗೆ ಹೇಳಿ. ಒಂದು ದಿನ ನೆರಳಲ್ಲಿ ಸುಧಾರಿಸಿಕೊಳ್ಳಲಿ. ಪ್ರಯಾಣದ ದಣಿವು ವೀಣೆಗೂ ಉಂಟಲ್ಲವೇ!