ಜನವರಿ 28ರಂದು ಹುಟ್ಟಿದವರು

ಬೆಂಗಳೂರು ದಂಡಿನ ರೆಸಿಡೆನ್ಸಿ ರಸ್ತೆಗೆ ಈಗ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆ ಎಂದು ಹೆಸರು. ಆಟೋದವರಿಗೆ ಆ ಹೆಸರು ಹೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ, ಅದು ಬೇರೆ ಮಾತು. ಈ ರಸ್ತೆಗೆ ಅಂಟಿಕೊಂಡೇ ಬಿಷಪ್ ಕಾಟನ್ ಬಾಲಕರ ಶಾಲೆಯಿದೆ. ತಿಪಟೂರಿನಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಓದಿದ ಪಿಯಾನೋ ಹುಚ್ಚಿನ ಹುಡುಗನೊಬ್ಬ ಮುಂದೆ ಭಾರತದ ಮೊದಲ ಪರಮಾಣು ಸ್ಫೋಟದ ಮುಂದಾಳಾದ. ಆತನೇ ಡಾ. ರಾಜಾ ರಾಮಣ್ಣ. ರಸ್ತೆಯ ಹೆಸರಿನವರೂ ಶಾಲೆಯ ಹುಡುಗನೂ ಹುಟ್ಟಿದ್ದು ಒಂದೇ ತಾರೀಕಿನಂದು: ಜನವರಿ 28. ಕಾರ್ಯಪ್ಪನವರು 1899ರಲ್ಲಿ, ರಾಮಣ್ಣನವರು 1925ರಲ್ಲಿ.

ಹುಟ್ಟಿದ ತಾರೀಕಿನಿಂದಲೇ ಸ್ವಭಾವ, ಉದ್ಯೋಗ, ಭವಿಷ್ಯವನ್ನೆಲ್ಲ ಹೇಳಿಬಿಡುವ ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಮಗನಿಗೆ ಯಾವ ಕೋರ್ಸು ಕೂಡಿಬರುತ್ತದೆಂದು ಅವುಗಳ ಪುಟ ತಿರುವುವ ತಂದೆ ತಾಯಿಯರೂ ಉಂಟು. ಅಂಥವರು ಈ ಒಂದು ತಾರೀಕನ್ನು ಗಮನಿಸಬೇಕು. ಲಾಲಾ ಲಜಪತ ರಾಯ್ ಹುಟ್ಟಿದ್ದು 1865ರ ಜನವರಿ 28ರಂದು. ಪಿಯಾನೋ ಮಾಂತ್ರಿಕ ಆರ್ಥರ್ ರೂಬಿನ್‌ಸ್ಟೈನ್ 1887ರ ಅದೇ ದಿನ, ಪೋಲೆಂಡಿನಲ್ಲಿ. ಪಂಡಿತ್ ಜಸರಾಜ್ 1930ರಲ್ಲಿ.

ಇವರ ನಡುವೆ ಇನ್ನೊಬ್ಬಾಕೆ ಇದ್ದಾರೆ. 1903ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಕ್ಯಾಥ್ಲೀನ್ ಲಾನ್ಸ್‌ಡೇಲ್. ಎಕ್ಸ್ ಕಿರಣಗಳ ನೆರವಿನಿಂದ ಬೆಂಜೀನ್ ಉಂಗುರ ಚಪ್ಪಟೆಯಾಗಿದೆಯೆಂದು ತೋರಿಸಿಕೊಟ್ಟ ವಿಜ್ಞಾನಿ. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊಟ್ಟಮೊದಲು ಇಬ್ಬರು ಮಹಿಳೆಯರನ್ನು ಫೆಲೋ ಆಗಿ ಆರಿಸಿದಾಗ ಅವರಲ್ಲಿ ಈಕೆ ಒಬ್ಬರು. ಅದಕ್ಕೆ ಎರಡು ವರ್ಷ ಮೊದಲು ಇದೇ ಲಾನ್ಸ್‌ಡೇಲ್ ಒಂದು ತಿಂಗಳು ಜೈಲಿನಲ್ಲಿದ್ದರು. ಯುದ್ಧಕಾಲದ ನಾಗರಿಕ ರಕ್ಷಣಾ ಕೆಲಸಕ್ಕೆ ಹೆಸರು ನೋಂದಾಯಿಸಲು ಒಲ್ಲೆನೆಂದರು, ದಂಡ ಕಟ್ಟಲೂ ಒಲ್ಲೆನೆಂದರು. ಒಂದು ದಂಡನಾಯಕರದು, ಒಂದು ಅಣುವಿಜ್ಞಾನಿಯದು, ಮತ್ತೊಂದು ಯುದ್ಧವೇ ಬೇಡವೆಂದು ಸೆರೆಮನೆಗೆ ಹೋದಾಕೆಯದು: ತಾರೀಕು ಮಾತ್ರ ಒಂದೇ!

ಹಾಗಾದರೆ ಇವರನ್ನು ರೂಪಿಸಿದ್ದು ಯಾವುದು? ಕಾರ್ಯಪ್ಪನವರ ಮಟ್ಟಿಗೆ ಹೇಳುವುದಾದರೆ, ಸರಿಯಾದ ವಯಸ್ಸಿನಲ್ಲಿ ತೆರೆದ ಒಂದು ಬಾಗಿಲು. ಕೊಡಗಿನ ಶನಿವಾರಸಂತೆಯಲ್ಲಿ, ಕಂದಾಯ ಇಲಾಖೆಯ ನೌಕರರ ಮನೆಯಲ್ಲಿ ಹುಟ್ಟಿದ ಅವರು ಮಡಿಕೇರಿಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ್ದರು. ಮೊದಲ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸರ್ಕಾರ ಭಾರತೀಯ ಯುವಕರಿಗೂ ಸೈನ್ಯದ ಅಧಿಕಾರಿ ಹುದ್ದೆ ಕೊಡಲು ಒಪ್ಪಿತು. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಾಗಿ 1919ರ ಡಿಸೆಂಬರಿನಲ್ಲಿ ಹೊರಬಂದ ಮೊದಲ ತಂಡದಲ್ಲಿ ಕಾರ್ಯಪ್ಪ ಇದ್ದರು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಆ ಬಾಗಿಲು ಅವರಿಗೆ ಮುಚ್ಚಿಯೇ ಇರುತ್ತಿತ್ತು.

ಒಳಗೆ ಹೋದ ಮೇಲಿನದೆಲ್ಲ ಅವರದೇ ದುಡಿಮೆ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ, 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಇಡೀ ಸೈನ್ಯದ ಅಧಿಕಾರ ವಹಿಸಿಕೊಂಡರು. ಆ ದಿನವೇ ಇಂದು ಸೇನಾ ದಿನ. ದೆಹಲಿಯಲ್ಲೇ ನಡೆಯುತ್ತಿದ್ದ ಅದರ ಮುಖ್ಯ ಪೆರೇಡು ಮೊದಲ ಬಾರಿ ರಾಜಧಾನಿ ಬಿಟ್ಟು ಹೊರಗೆ ನಡೆದದ್ದು 2023ರಲ್ಲಿ. ಅದೂ ನಮ್ಮ ಹಲಸೂರು ಕೆರೆಯ ಆಸುಪಾಸಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದ ಗೋವಿಂದಸ್ವಾಮಿ ಮೈದಾನದಲ್ಲಿ.

ಕಾರ್ಯಪ್ಪನವರ ಹಿಂದಿ ಅಷ್ಟಕ್ಕಷ್ಟೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜವಾನರ ಮುಂದೆ 'ದೇಶ ಸ್ವತಂತ್ರವಾಗಿದೆ' ಎನ್ನಲು ಹೋಗಿ 'ಮುಫ್ತ್' ಆಗಿದೆ ಎಂದುಬಿಟ್ಟರಂತೆ. ಪುಕ್ಕಟೆ ಎಂದರ್ಥ! ಸೈನ್ಯದಲ್ಲಿ ಈ ಕಥೆಯನ್ನು ಪ್ರೀತಿಯಿಂದಲೇ ಹೇಳಿಕೊಂಡು ನಗುತ್ತಾರೆ.

ಆದರೆ ತಂದೆ ತಾಯಿಯರು ಅವರನ್ನು ನೆನೆಯಬೇಕಾದದ್ದು 1965ರ ಒಂದು ಸಂದರ್ಭಕ್ಕಾಗಿ. ನಿವೃತ್ತರಾಗಿ ಮಡಿಕೇರಿಯ ಮನೆ ರೋಷನಾರಾದಲ್ಲಿದ್ದರು. ಮಗ ನಂದಾ ಕಾರ್ಯಪ್ಪ ವಾಯುಪಡೆಯ ಫೈಟರ್ ಪೈಲಟ್. ಪಾಕಿಸ್ತಾನದೊಡನೆ ಯುದ್ಧ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ 22ರಂದು, ಅವರ ವಿಮಾನವನ್ನು ಹೊಡೆದುರುಳಿಸಿ ಅವರನ್ನು ಸೆರೆಹಿಡಿದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಅಧಿಕಾರಿಯ ಮೇಲಿನ ಗೌರವದಿಂದ, ಮಗನನ್ನು ಬಿಟ್ಟುಕಳಿಸಲೇ ಎಂದು ಕೇಳಿಸಿದರು. ಯಾವ ತಂದೆಗಾದರೂ ಒಂದೇ ಮಾತು ಸಾಕಿತ್ತು. ಕಾರ್ಯಪ್ಪ ಆ ಮಾತು ಆಡಲಿಲ್ಲ. ಸೆರೆಯಲ್ಲಿರುವ ಎಲ್ಲ ಯೋಧರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದು ಹೇಳಿಕಳಿಸಿದರು. ನಂದಾ ಉಳಿದವರಂತೆಯೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, 1966ರಲ್ಲಿ ಹಿಂದಿರುಗಿದರು. ಮುಂದೆ ಏರ್ ಮಾರ್ಷಲ್ ಆದರು. ಶಾಲೆಯಲ್ಲಿ ಒಂದು ಸೀಟಿಗಾಗಿ ಎಲ್ಲೆಲ್ಲಿಂದಲೋ ಶಿಫಾರಸು ಪತ್ರ ತರುವ ಈ ಊರಿನಲ್ಲಿ ಆ ತಂದೆಯ ಕಷ್ಟ ಎಷ್ಟಿತ್ತೆಂದು ಊಹಿಸುವುದೂ ಸುಲಭವಲ್ಲ.

ರಾಮಣ್ಣನವರಿಗೆ ಬಾಗಿಲು ತೆರೆದದ್ದು ಸಂಗೀತ. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿದ್ದರು. ಮಗನಿಗೆ ಚಿಕ್ಕಂದಿನಿಂದ ಪಿಯಾನೋ ಪಾಠ. ಬಿಷಪ್ ಕಾಟನ್ ಆದ ಮೇಲೆ ಸೇಂಟ್ ಜೋಸೆಫ್ ಕಾಲೇಜು, ಆಮೇಲೆ ತಾಂಬರಂನ ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನ. ಇನ್ನೂ ವಿದ್ಯಾರ್ಥಿಯಾಗಿದ್ದಾಗ, 1944ರಲ್ಲಿ, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕ ಆಲ್ಫ್ರೆಡ್ ಮಿಸ್ಟೋವ್‌ಸ್ಕಿ ಅವರ ಮೂಲಕ ಒಬ್ಬರ ಪರಿಚಯವಾಯಿತು. ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ಹೋಮಿ ಭಾಭಾ. ಭಾಭಾ ಅವರಿಗೂ ಸಂಗೀತದ ಹುಚ್ಚು. ಓದಿಗೆ ಅಡ್ಡಿಯೆಂದು ಆ ಪಿಯಾನೋ ಪಾಠವನ್ನು ಮನೆಯವರು ಎಂದೋ ನಿಲ್ಲಿಸಿಬಿಟ್ಟಿದ್ದರೆ?

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮಾಡಿ ಬಂದ ರಾಮಣ್ಣ 1949ರಲ್ಲಿ ಭಾಭಾ ಕಟ್ಟಿದ ಮುಂಬಯಿಯ ಸಂಸ್ಥೆಯನ್ನೇ ಸೇರಿದರು. 1956ರಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕೆಲಸ ಆರಂಭಿಸಿದಾಗ ಆ ತಂಡದ ಕಿರಿಯರಲ್ಲಿ ಒಬ್ಬರು. 1974ರ ಮೇ 18ರಂದು ಪೋಖ್ರಾನಿನ ಮರಳಿನಡಿ ಸ್ಫೋಟ ನಡೆದಾಗ ಅವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರು. ಸರ್ಕಾರ ಅದನ್ನು ಶಾಂತಿಗಾಗಿ ನಡೆಸಿದ ಸ್ಫೋಟ ಎಂದಿತು. ಅದು ಬಾಂಬೇ ಆಗಿತ್ತೆಂದು ರಾಮಣ್ಣ ಬಾಯಿಬಿಟ್ಟು ಹೇಳಿದ್ದು 1997ರಲ್ಲಿ. ಜೈಲಿಗೆ ಹೋದ ಲಾನ್ಸ್‌ಡೇಲ್ ಇದನ್ನು ಒಪ್ಪುತ್ತಿರಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂಬುದು ತರಗತಿಯಲ್ಲಿ ಚರ್ಚಾಸ್ಪರ್ಧೆಗೆ ಇಡಬಹುದಾದ ವಿಷಯ, ತೀರ್ಪುಗಾರರಿಗೆ ಕಷ್ಟವಾದೀತು.

1988ರಲ್ಲಿ ರಾಮಣ್ಣ ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಸ್ಟಡೀಸ್‌ನ ಮೊದಲ ನಿರ್ದೇಶಕರಾದರು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಕಾರ್ಯಪ್ಪ ಆಗಿನ್ನೂ ಬದುಕಿದ್ದರು. 1986ರಲ್ಲಿ, 87ರ ವಯಸ್ಸಿನಲ್ಲಿ, ಫೀಲ್ಡ್ ಮಾರ್ಷಲ್ ಪದವಿ ಪಡೆದಿದ್ದರು. ಫೀಲ್ಡ್ ಮಾರ್ಷಲರಿಗೆ ನಿವೃತ್ತಿಯಿಲ್ಲವೆಂಬುದು ಸೈನ್ಯದ ಪದ್ಧತಿ. ಆ ಲೆಕ್ಕದಲ್ಲಿ ತಿಪಟೂರಿನ ಹುಡುಗ ಸಚಿವರಾದ ಇಲಾಖೆಯ ಸೈನ್ಯದಲ್ಲಿ ಶನಿವಾರಸಂತೆಯ ದಂಡನಾಯಕರು ಇನ್ನೂ ಸೇವೆಯಲ್ಲಿದ್ದರು!

1993ರ ಮೇ 15ರಂದು, ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ, ನಿದ್ದೆಯಲ್ಲಿಯೇ ಕಾರ್ಯಪ್ಪ ತೀರಿಕೊಂಡರು. ಅದೇ ವರ್ಷ ರಾಮಣ್ಣನವರ ಒಂದು ಪುಸ್ತಕ ಹೊರಬಂತು. ಅದರ ವಿಷಯ ಪರಮಾಣುವಲ್ಲ. ನಮ್ಮ ರಾಗಗಳಲ್ಲೂ ಪಾಶ್ಚಾತ್ಯ ಪದ್ಧತಿಯಲ್ಲೂ ಸಂಗೀತದ ರಚನೆ ಹೇಗಿದೆ ಎಂಬುದು. 2004ರ ಸೆಪ್ಟೆಂಬರ್ 24ರಂದು ಅವರು ಮುಂಬಯಿಯಲ್ಲಿ ನಿಧನರಾದರು.