ನೇಜಿ ಗದ್ದೆಯ ಹಾಡು ಕಾವ್ಯವಲ್ಲ ಎಂದವರು ಯಾರು?

ಮೊನ್ನೆ ನೆರೆಮನೆಯ ಹತ್ತನೇ ಕ್ಲಾಸಿನ ಹುಡುಗ ಜಗಲಿಯಲ್ಲಿ ಕೂತು ‘ಯಮಾತಾರಾಜಭಾನಸಲಗಂ’ ಅಂತ ಬಾಯಿಪಾಠ ಮಾಡುತ್ತಿದ್ದ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ, “ಎಂತ ಮಗಾ ಅದು, ಮಂತ್ರವಾ?” ಅಂತ ಕೇಳಿದರು. “ಛಂದಸ್ಸು ಅಜ್ಜೀ, ನಿಮ್ಗೆ ಗೊತ್ತಾಗುದಿಲ್ಲ” ಅಂದ ಹುಡುಗ.

ಆ ಅಜ್ಜಿ ಪ್ರಾಯದ ಕಾಲದಲ್ಲಿ ನೇಜಿ ನೆಡುವಾಗ ಪಾಡ್ದನ ಎತ್ತಿ ಕೊಡುತ್ತಿದ್ದವರು. ಅವರು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನು ಹಿಡಿದು ಮುಂದುವರಿಸುತ್ತಿದ್ದರು. ಬಗ್ಗಿದ ಬೆನ್ನು, ಕೆಸರಿನಲ್ಲಿ ಕೈ, ಆದರೂ ತಾಳ ತಪ್ಪುತ್ತಿರಲಿಲ್ಲ. ಛಂದಸ್ಸು ಅವರಿಗೆ ಗೊತ್ತಿಲ್ಲವಂತೆ!

ಹುಡುಗನ ತಪ್ಪಲ್ಲ. ಕಾವ್ಯ ಎಂದರೆ ಪುಸ್ತಕದಿಂದ ಬರುವಂಥದ್ದು, ಸಾಹಿತ್ಯದ ಭಾಷೆ ಎಂದರೆ ಅರಮನೆ ಮತ್ತು ವ್ಯಾಕರಣದಿಂದ ಹುಟ್ಟಿದ್ದು, ಮನೆಯ ಮಾತು ‘ಗ್ರಾಮ್ಯ’ ಎಂದು ನಾವೇ ಅವನಿಗೆ ಕಲಿಸಿದ್ದೇವೆ. ಇದು ಸುಳ್ಳು. ಸುಳ್ಳು ಎನ್ನಲಿಕ್ಕೆ ಕನ್ನಡದ ಹಳೆಯ ದಾಖಲೆಗಳೇ ಸಾಕು.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದ್ದು. ಅದರಲ್ಲಿ ತ್ರಿಪದಿಗಳಿವೆ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಪೂರ್ಣ ಗ್ರಂಥ ‘ಕವಿರಾಜಮಾರ್ಗ’ ಬಂದದ್ದು ಸುಮಾರು 850ರಲ್ಲಿ. ಕನ್ನಡದ ಛಂದಸ್ಸಿನ ಪುಸ್ತಕ, ನಾಗವರ್ಮನ ‘ಛಂದೋಂಬುಧಿ’, ಬಂದದ್ದು ಸುಮಾರು 990ರಲ್ಲಿ. ಅಂದರೆ ಲಕ್ಷಣ ಬರೆಯುವ ಮುನ್ನೂರು ವರ್ಷ ಮೊದಲೇ ಪದ್ಯ ಕಲ್ಲಿನ ಮೇಲಿತ್ತು. ಕಲ್ಲಿಗೆ ಏರುವ ಮೊದಲು ಅದು ಯಾರದಾದರೂ ಬಾಯಲ್ಲಿ ಇದ್ದಿರಲೇಬೇಕಲ್ಲ? ಅದೇ ತ್ರಿಪದಿಯಲ್ಲಿ ಉತ್ತರ ಕರ್ನಾಟಕದ ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರು, ಸರ್ವಜ್ಞ ವಚನ ಹೇಳಿದ. ನಾಗವರ್ಮ ತ್ರಿಪದಿಯನ್ನು ಹುಟ್ಟಿಸಿದ್ದಲ್ಲ. ಜನರ ಹತ್ತಿರ ಇದ್ದದ್ದನ್ನು ಬ್ರಹ್ಮಗಣ, ವಿಷ್ಣುಗಣ, ರುದ್ರಗಣ ಅಂತ ಲೆಕ್ಕ ಹಾಕಿಟ್ಟ, ಅಷ್ಟೇ.

ಕವಿರಾಜಮಾರ್ಗವನ್ನೂ ಸ್ವಲ್ಪ ಗಮನಿಸಿ ನೋಡಿ ಮಾರಾಯ್ರೆ. ಈ ನಾಡಿನ ಜನ ಕೂತು ಓದದೆಯೇ ಕಾವ್ಯ ಕಟ್ಟಬಲ್ಲವರು ಎಂದು ಆ ಪುಸ್ತಕ ಹೊಗಳುತ್ತದೆ. ವೇದಿಕೆಯಲ್ಲಿ ಭಾಷಣ ಮಾಡುವವರೆಲ್ಲ ಆ ಮಾತನ್ನು ಹೇಳುತ್ತಾರೆ. ಅದೇ ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ, ಈ ನಾಲ್ಕು ಊರುಗಳ ನಡುವಿನದ್ದೇ ಕನ್ನಡದ ತಿರುಳಂತೆ. ಉಳಿದ ಕಡೆಯ ಕನ್ನಡಗಳ ದೋಷ ಹೇಳಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತಂತೆ! ನೇತ್ರಾವತಿ, ಕುಮಾರಧಾರೆಯ ದಡ ಆ ನಾಲ್ಕು ಊರಿನ ಗೆರೆಯೊಳಗೆ ಇಲ್ಲ.

ನಾನು ಹೇಳುವುದು ಇದನ್ನೇ. ಸಾಹಿತ್ಯದ ಭಾಷೆ ಆಕಾಶದಿಂದ ಬಿದ್ದದ್ದಲ್ಲ. ಅಧಿಕಾರ ಇದ್ದ ಕಡೆಯ ಮಾತು ‘ಶುದ್ಧ’ವಾಯಿತು, ದೂರದವರ ಮಾತು ‘ದೋಷ’ವಾಯಿತು. ಇವತ್ತು ಸುಳ್ಯದ ಮಗು ಅರೆಭಾಷೆಯಲ್ಲಿ ಮಾತಾಡಿದರೆ, ಪುತ್ತೂರಿನ ಮಗುವಿನ ಕನ್ನಡದಲ್ಲಿ ತುಳು ಅಥವಾ ಹವ್ಯಕದ ರಾಗ ಬಂದರೆ ನಗುವವರು ಸಾವಿರದ ಇನ್ನೂರು ವರ್ಷ ಹಳೆಯ ಆ ಗೆರೆಯನ್ನೇ ಮತ್ತೆ ಎಳೆಯುತ್ತಿದ್ದಾರೆ.

ಗದ್ದೆಯ ಹಾಡಿಗೆ ತುಳುವಿನಲ್ಲಿ ‘ಕಬಿತ’ ಎಂಬ ಹೆಸರೂ ಇದೆ. ಕವಿತೆ ಎಂಬ ಶಬ್ದವೇ ಅದು. ನಮ್ಮ ಹಿರಿಯರಿಗೆ ಅದು ಕವಿತೆ ಎಂಬುದರಲ್ಲಿ ಸಂಶಯ ಇರಲಿಲ್ಲ, ಸಂಶಯ ಬಂದದ್ದು ಶಾಲೆಗೆ ಹೋದ ನಮಗೆ. ಕೋಟಿ-ಚೆನ್ನಯರ ಪಾಡ್ದನದಲ್ಲಿ ಬರುವ ಪಡುಮಲೆ, ಪಂಜ, ಎಣ್ಮೂರು ಎಲ್ಲ ನಮ್ಮ ಕಾಲಡಿಯ ಊರುಗಳು. ಬಸ್ಸಿನ ಬೋರ್ಡಿನಲ್ಲಿ ದಿನಾ ಓದುವ ಹೆಸರುಗಳು ಒಂದು ದೊಡ್ಡ ಕಾವ್ಯದೊಳಗೆ ಇವೆ ಎಂದು ಎಷ್ಟು ಮಕ್ಕಳಿಗೆ ಗೊತ್ತು?

“ಪಾಡ್ದನ ದೈವದ ವಿಷಯ, ಸಾಹಿತ್ಯ ಅಂತ ಹೇಳಬಾರದು” ಎನ್ನುವವರಿದ್ದಾರೆ. ನೇಮದಲ್ಲಿ ಹೇಳುವುದಕ್ಕೆ ಅದರದ್ದೇ ಕಟ್ಟು ಇದೆ, ಅದನ್ನು ಮೀರುವುದು ಬೇಡ. ಆದರೆ ಗದ್ದೆಯಲ್ಲಿ ಹಗಲಿಡೀ ಹಾಡಿದ್ದು ಗುಟ್ಟಿನದ್ದಲ್ಲವಲ್ಲ? ನಿಜ ಹೇಳಬೇಕೆಂದರೆ ನಮಗೆ ಅಡ್ಡ ಬಂದದ್ದು ಭಕ್ತಿಯಲ್ಲ. ಪಾಡ್ದನ ಉಳಿಸಿದವರು ಹೆಚ್ಚಾಗಿ ಕೂಲಿಯ ಹೆಂಗಸರು, ಭೂತ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರು. ಅವರನ್ನು ಕವಿ ಎಂದು ಕರೆಯಲಿಕ್ಕೆ ನಮ್ಮ ನಾಲಿಗೆ ಏಳುವುದಿಲ್ಲ. ಅದಕ್ಕೇ ‘ಜನಪದ’ ಎಂಬ ಹೆಸರಿಲ್ಲದ ಗೋಣಿಗೆ ತುಂಬಿಸಿಬಿಟ್ಟೆವು.

ಈಗ ಹೊಸ ಅಭ್ಯಾಸ ಬಂದಿದೆ. ‘ಆಟಿಡೊಂಜಿ ದಿನ’ದಲ್ಲಿ, ಕೆಸರುಗದ್ದೆ ಆಟದಲ್ಲಿ ಒಬ್ಬ ಅಜ್ಜಿಯನ್ನು ಕರೆಸುವುದು, ಎರಡು ನಿಮಿಷ ಹಾಡಿಸುವುದು, ಶಾಲು ಹಾಕಿ ಫೋಟೋ ತೆಗೆಯುವುದು. ಹಗಲಿಡೀ ಬೆಳೆಯುವ ಹಾಡು ಪತ್ರೊಡೆ ಬಡಿಸುವುದರೊಳಗೆ ಮುಗಿಯಬೇಕು. ಅದೇ ಊರಿನ ಕವಿಗೋಷ್ಠಿಗೆ ಆ ಅಜ್ಜಿಗೆ ಆಮಂತ್ರಣ ಇಲ್ಲ.

ಹಾಗಾದರೆ ಶಾಲೆಯಲ್ಲಿ ಛಂದಸ್ಸು ಬೇಡವೇ? ಬೇಕು. ಆದರೆ ಕಿವಿಯಿಂದ ಶುರುವಾಗಲಿ. ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ ಆಟದ ಭಾಗವತರ ಪದ್ಯ ಕೇಳಿ ಬೆಳೆದ ಮಗುವಿಗೆ ಹೊಸತಲ್ಲ. ಚಪ್ಪಾಳೆ ತಟ್ಟಿಸಿ, ಆಮೇಲೆ ಗುರುತು ಹಾಕಿಸಿ. ಬಯಲಾಟದ ಈ ಕಾವ್ಯ ಸಣ್ಣದೆಂದು ಯಾರೂ ಹೇಳುವ ಹಾಗಿಲ್ಲ. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ನನ್ನ ಗಡಿಬಿಡಿಗೆ ಕಾರಣ ಇದೆ. ಗದ್ದೆ ಅಡಿಕೆ ತೋಟವಾಯಿತು, ರಬ್ಬರ್ ಆಯಿತು. ಉಳಿದ ಗದ್ದೆಗೆ ನಾಟಿ ಯಂತ್ರ ಬಂತು. ಬೆನ್ನುನೋವು ಕಡಿಮೆಯಾದದ್ದು ಒಳ್ಳೆಯದೇ, ಗದ್ದೆಗೆ ಮತ್ತೆ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಕೆಲಸ ಹೋದ ಮೇಲೆ ಹಾಡು ತನ್ನಷ್ಟಕ್ಕೆ ಉಳಿಯುವುದಿಲ್ಲ. ಹಾಡು ಗೊತ್ತಿರುವವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ನಮ್ಮವರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು! ಪುಸ್ತಕದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಫಿನ್ಲೆಂಡಿನಿಂದ ಬಂದವರಿಗೆ ಸಾಧ್ಯವಾದದ್ದು ಪಕ್ಕದ ಮನೆಯ ನಮಗೆ ಯಾಕೆ ಸಾಧ್ಯವಿಲ್ಲ?

ನಿಮ್ಮ ಕೈಯಲ್ಲಿ ಈಗ ಇರುವ ಫೋನ್ ಸಾಕು. ಅಜ್ಜಿಯ ಹತ್ತಿರ ಕೂತುಕೊಳ್ಳಿ. ಒಪ್ಪಿಗೆ ಕೇಳಿ. ಎರಡು ನಿಮಿಷಕ್ಕೆ ನಿಲ್ಲಿಸಬೇಡಿ, ಅವರು ಮುಗಿಸುವವರೆಗೆ ಕೇಳಿ. ಆಮೇಲೆ ಬರೆದಿಡಿ, ಊರು ಬರೆಯಿರಿ, ತಾರೀಕು ಬರೆಯಿರಿ. ಕೆಳಗೆ ‘ಜನಪದ’ ಅಂತ ಹಾಕಿ ಮುಗಿಸಬೇಡಿ. ಅಜ್ಜಿಯ ಹೆಸರು ಬರೆಯಿರಿ.